ಹದಿನೆಂಟು ಡಿಗ್ರಿಯ ಆಲೂಗಡ್ಡೆ

ನಮ್ಮವರು ಕೆಟ್ಟವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವುದಕ್ಕೆ ಸಂದರ್ಭ ಸಿಗುವುದು ಕಷ್ಟ. ಇಪ್ಪತ್ತೆರಡು ವರ್ಷದಿಂದ ಫ್ರಿಜ್ ರಿಪೇರಿ ಮಾಡುತ್ತಿದ್ದಾರೆ. ಅವರು ಬಿಚ್ಚಿದ ಫ್ರಿಜ್ ಮತ್ತೆ ಜೋಡಣೆಯಾದಾಗ ಮೂರು ಸ್ಕ್ರೂ ಮಿಕ್ಕಿರುತ್ತವೆ, ಆದರೆ ಫ್ರಿಜ್ ಮಾತ್ರ ತಪ್ಪದೆ ನಡೆಯುತ್ತದೆ. "ಕಂಪನಿಯವರು ಜಾಸ್ತಿ ಹಾಕಿರ್ತಾರೆ ಕಣೇ" ಎನ್ನುತ್ತಾರೆ. ಅಂಥ ಸ್ಕ್ರೂಗಳು ನಮ್ಮ ಮನೆಯಲ್ಲಿ ಎರಡು ಡಬ್ಬಿ ತುಂಬಾ ಇವೆ. ಅವರ ಕೈಯ ಮೇಲೆ ನನಗೆ ನಂಬಿಕೆಯಿದೆ. ತೊಂದರೆಯೆಲ್ಲ ಬಾಯಿಯದು. ಬಾಯಿ ಮುಂದೆ ಓಡಿಹೋಗಿ ಎಲ್ಲೋ ನಿಂತಿರುತ್ತದೆ, ಕೈ ಹಿಂದಿನಿಂದ ಏದುಸಿರು ಬಿಡುತ್ತಾ ಬರಬೇಕು.

ನಮ್ಮಪ್ಪನಿಗೆ ಎಪ್ಪತ್ತೈದು ತುಂಬಿದ ದಿನ ಅಕ್ಕನ ಮನೆಯಲ್ಲಿ ಎಲ್ಲರಿಗೂ ಊಟ. ಅಕ್ಕನ ಗಂಡ, ಅಂದರೆ ನಮ್ಮ ಭಾವ, ತೋಟಗಾರಿಕೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ನಿವೃತ್ತಿಯಾದದ್ದು ಕೆಲಸಕ್ಕೆ ಮಾತ್ರ, ಅಧಿಕಾರಕ್ಕಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂಬುದನ್ನೂ ಸುತ್ತೋಲೆ ಹೊರಡಿಸಿದ ಹಾಗೆ ಹೇಳುತ್ತಾರೆ.

ಬೇಯಿಸಿದ ಆಲೂಗಡ್ಡೆಯನ್ನು ಅಪ್ಪ ತಟ್ಟೆಯ ಅಂಚಿಗೆ ಸರಿಸಿದರು.

"ಅಂಗಡಿ ಆಲೂಗಡ್ಡೆಗೆ ರುಚಿಯೇ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆಟ್ಟದೂರಲ್ಲಿ ಎರಡು ವರ್ಷ ಇದ್ದೆ. ಆ ಮನೆಯಜ್ಜಿ ಹಿತ್ತಲಿಂದ ಕಿತ್ಕೊಂಡು ಬಂದು ಆಗಲೇ ಬೇಯಿಸಿ ಕೊಡೋಳು. ಇನ್ನೊಂದ್ಸಲ ಹಾಗೆ ತಿನ್ಬೇಕು ಅಂತ ಆಸೆ. ಎಲ್ಲಿ ಬರುತ್ತೆ ಬಿಡು."

ಭಾವ ನೀರು ಕುಡಿದು ಗಂಟಲು ಸರಿಮಾಡಿಕೊಂಡರು.

"ಅದು ಈ ಹವೆಯಲ್ಲಿ ಆಗೋ ಮಾತಲ್ಲ ಮಾವ. ಆಲೂಗಡ್ಡೆಗೆ ಮಣ್ಣು ತಂಪಾಗಿರಬೇಕು, ರಾತ್ರಿ ಇನ್ನೂ ತಂಪಾಗಿರಬೇಕು. ಇಲ್ಲಿ ಬೇಸಿಗೆ ರಾತ್ರಿ ಮನುಷ್ಯರಿಗೇ ನಿದ್ದೆ ಬರಲ್ಲ, ಗಡ್ಡೆ ಹೇಗೆ ಕಟ್ಟುತ್ತೆ? ಹದಿನೆಂಟು ಡಿಗ್ರಿ ಬೇಕು. ಎಲ್ಲಿಂದ ತರ್ತೀರಿ ಹದಿನೆಂಟು ಡಿಗ್ರಿ?"

ಇಷ್ಟಕ್ಕೆ ಊಟ ಮುಗಿಯಬೇಕಿತ್ತು. ಆದರೆ ಡಿಗ್ರಿ ಎಂಬ ಮಾತು ಬಂದರೆ ನಮ್ಮವರಿಗೆ ಮೈಮೇಲೆ ಬಂದ ಹಾಗಾಗುತ್ತದೆ.

"ಡಿಗ್ರಿ ನನಗೆ ಬಿಡಿ ಅಣ್ಣ" ಅಂದರು. "ಹದಿನೆಂಟು ಬೇಕಾ, ಹದಿನೇಳೂವರೆ ಬೇಕಾ, ಹೇಳಿ."

"ನೀನು ಐಸ್ ಮಾಡಬಹುದು ಕಣಯ್ಯಾ. ಬೆಳೆ ಮಾಡೋಕಾಗಲ್ಲ."

"ನೂರು ದಿನ ಕೊಡಿ. ನಮ್ಮ ಹಿತ್ತಲಿಂದ ಕಿತ್ತು ಮಾವನವರ ತಟ್ಟೆಗೆ ಹಾಕ್ತೀನಿ."

ಭಾವ ನಕ್ಕರು. ಒಳ್ಳೆಯ ನಗೆಯೇನಲ್ಲ, ಅರ್ಜಿ ತಿರಸ್ಕರಿಸುವ ಮುಂಚೆ ನಗುವ ನಗೆ. "ನೀನೇನಾದ್ರೂ ಬೆಳೆದೆ ಅಂದ್ರೆ, ಎಲ್ಲರೆದುರು ನಿಂತು ತಪ್ಪಾಯ್ತು ಅಂತೀನಿ" ಅಂದರು.

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಅಕ್ಕನ ಕೈಯಿಂದ ಬಿದ್ದದ್ದು. ನಾನು ಒಳಗೆ ಹೋದರೆ ಅವಳು ಒಲೆಗೆ ಒರಗಿ ನಿಂತಿದ್ದಳು.

"ಏನಂದ್ರು ಅವರು?"

"ತಪ್ಪಾಯ್ತು ಅಂತಾರಂತೆ."

ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡಳು. "ಇಪ್ಪತ್ತೆಂಟು ವರ್ಷ ಆಯ್ತು ಕಣೇ. ದಾರಿ ತಪ್ಪಿದ್ರೂ ರಸ್ತೆದೇ ತಪ್ಪು. ಹಾಲು ಉಕ್ಕಿಸಿದ್ರೂ ಹಾಲಿಂದೇ ತಪ್ಪು. ಆ ಮಾತು ಅವರ ಬಾಯಲ್ಲಿ ಒಂದು ಸಲ ಕೇಳಬೇಕು ನಾನು. ಹೆಂಗಾದ್ರೂ ಮಾಡಿ ಬೆಳೆಸ್ರೇ."

ನಾನು ಮಾತು ಕೊಟ್ಟೆ. ಆಮೇಲೆ ಮನೆಗೆ ಬರುವ ದಾರಿಯಲ್ಲಿ ನಮ್ಮವರನ್ನು ಕೇಳಿದೆ, "ರೀ, ಆಲೂಗಡ್ಡೆ ಗಿಡ ಹೇಗಿರುತ್ತೆ?"

"ನೋಡಿಲ್ಲ" ಅಂದರು.

ಮರುದಿನ ಸಂಜೆ ನಾಲ್ಕು ಜನ ಹೊತ್ತುಕೊಂಡು ಬಂದು ನಮ್ಮ ಹಿತ್ತಲಿನಲ್ಲಿ ಒಂದು ದೊಡ್ಡ ಫ್ರಿಜ್ ಇಳಿಸಿದರು. ನಮ್ಮವರ ಲೆಕ್ಕಾಚಾರ ಸರಳ. ನೆಲವನ್ನು ತಂಪು ಮಾಡುವುದಕ್ಕಾಗದು, ನೆಲವನ್ನೇ ತಂದು ಫ್ರಿಜ್ಜಿನಲ್ಲಿ ತುಂಬಿದರಾಯಿತು. ಫ್ರಿಜ್ಜನ್ನು ಅಂಗಾತ ಮಲಗಿಸಿದರು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿಯುತ್ತದೆಯಂತೆ, ಹಾಗಾಗಿ ಅದನ್ನು ಮಾತ್ರ ಬೇರೆ ಮಾಡಿ ಪಕ್ಕದ ಸ್ಟೂಲಿನ ಮೇಲೆ ನೆಟ್ಟಗೆ ಕೂರಿಸಿದರು. ಬಾಗಿಲು ಈಗ ಪೆಟ್ಟಿಗೆಯ ಮುಚ್ಚಳದ ಹಾಗೆ ಮೇಲಕ್ಕೆ ತೆರೆಯುತ್ತಿತ್ತು. ಬಾಗಿಲು ತೆರೆದಾಗ ಒಳಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುಂಡಗಿನ ಅಕ್ಷರ ಕಂಡಿತು: 'ತರಕಾರಿ. ತೊಳೆದು ಇಡತಕ್ಕದ್ದು.'

ಆ ಅಕ್ಷರ ಈ ಊರಿನಲ್ಲಿ ಗೊತ್ತಿಲ್ಲದವರಿಲ್ಲ.

"ರೀ, ಇದು ಹೆಡ್‌ಮೇಡಂ ಅವರದ್ದಲ್ವಾ?"

ನಮ್ಮವರು ಕೂಡಲೇ ಹಿಂತಿರುಗಿ ನೋಡಿದರು. ಹೆಡ್‌ಮೇಡಂ ನಮ್ಮವರಿಗೆ ಐದನೇ ಕ್ಲಾಸಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಹೇಳಿಕೊಡಲು ಪ್ರಯತ್ನಿಸಿದವರು ಎಂದರೆ ಸರಿಯಾದೀತು. ಇವತ್ತಿಗೂ ಅವರ ಹೆಸರು ಬಂದರೆ ನಮ್ಮವರ ಕೈ ತಾನಾಗಿ ಎಡಗಿವಿಗೆ ಹೋಗುತ್ತದೆ.

"ಮೇಡಂ ಇದನ್ನ ರಿಪೇರಿಗೆ ಕೊಟ್ಟು ಮಗಳ ಹೆರಿಗೆಗೆ ಹೋಗಿದ್ದಾರೆ. ಆರು ತಿಂಗಳು ಬರಲ್ಲ. ನಮಗೆ ಬೇಕಾಗಿರೋದು ನೂರು ದಿನ. ತೆಗೆದು, ತೊಳೆದು, ಒರೆಸಿ ಇಟ್ಟರೆ ಅವರಿಗೇನು ಗೊತ್ತಾಗುತ್ತೆ? ನಮ್ಮ ವರ್ಕ್‌ಶಾಪಲ್ಲಿ ಇಷ್ಟು ದೊಡ್ಡದು ಇದೊಂದೇ ಕಣೇ."

ಅಡುಗೆಮನೆ ಬುಟ್ಟಿಯಲ್ಲಿ ಮೊಳಕೆ ಬಂದಿದ್ದ ಆಲೂಗಡ್ಡೆಗಳನ್ನು ನಮ್ಮವರು ಮಣ್ಣಿನಲ್ಲಿ ಹೂತು, ಥರ್ಮಾಸ್ಟಾಟ್ ಹದಿನೆಂಟಕ್ಕೆ ತಿರುಗಿಸಿ, ಬಿಂದಿಗೆಗಟ್ಟಲೆ ನೀರು ಸುರಿದರು. ಹನ್ನೆರಡನೆಯ ದಿನ ಹಿತ್ತಲಿನಿಂದ ಬಂದ ವಾಸನೆಗೆ ಪಕ್ಕದ ಮನೆಯ ಬೆಕ್ಕು ಊರು ಬಿಟ್ಟಿತು. ಫ್ರಿಜ್ ಎಂದರೆ ನೀರು ಸೋರದ ಹಾಗೆ ಮಾಡಿದ ವಸ್ತು. ಒಳಗೆ ಆಲೂಗಡ್ಡೆ ಬೆಳೆದಿರಲಿಲ್ಲ, ಕೊಳೆತು ಗಂಜಿಯಾಗಿತ್ತು.

ಅಕ್ಕನಿಗೆ ಫೋನ್ ಮಾಡಿ ಅತ್ತೆ. ಹತ್ತು ನಿಮಿಷದಲ್ಲಿ ಅವಳೇ ವಾಪಸ್ ಫೋನ್ ಮಾಡಿ ಪಿಸುಗುಟ್ಟಿದಳು. "ಇವರನ್ನೇ ಕೇಳ್ದೆ. ಕುಂಡದ ಗಿಡ ಯಾಕ್ರೀ ಕೊಳೆಯುತ್ತೆ ಅಂತ. ತಳಕ್ಕೆ ತೂತಿರಬೇಕಂತೆ. ಒಂದು ಇಂಚು ಜಲ್ಲಿ ಹಾಕಬೇಕಂತೆ. ಗಡ್ಡೆನ ಎರಡು ಮೂರು ಕಣ್ಣು ಇರೋ ಹಾಗೆ ಕತ್ತರಿಸಿ, ಬೂದಿ ಮೆತ್ತಿ, ಎರಡು ದಿನ ಒಣಗಿಸಬೇಕಂತೆ."

"ಅನುಮಾನ ಬರಲಿಲ್ವಾ ಅವರಿಗೆ?"

"ಪ್ರಶ್ನೆ ಕೇಳಿದ್ರೆ ಸಾಕು ಕಣೇ, ಯಾಕೆ ಕೇಳ್ದೆ ಅಂತ ಯಾವತ್ತು ಕೇಳಿದ್ದಾರೆ."

ಹೀಗೆ ಭಾವನವರ ಊಟದ ಹೊತ್ತಿಗೆ ಅಕ್ಕ ಒಂದು ಪ್ರಶ್ನೆ ಎಸೆಯುವುದು, ಭಾವ ತುತ್ತು ಕೆಳಗಿಟ್ಟು ಹದಿನೈದು ನಿಮಿಷ ಉತ್ತರ ಕೊಡುವುದು, ಅದು ಸಂಜೆಯೊಳಗೆ ನಮ್ಮ ಹಿತ್ತಲಿಗೆ ಬರುವುದು ರೂಢಿಯಾಯಿತು. ಇಲಾಖೆ ಅವರನ್ನು ಮೂವತ್ತು ವರ್ಷ ಇಟ್ಟುಕೊಂಡು ಪಡೆಯದ ಕೆಲಸವನ್ನು ಅಕ್ಕ ಮೂರು ತಿಂಗಳಲ್ಲಿ ಪಡೆದಳು.

ತೂತಿನ ವಿಷಯಕ್ಕೆ ಬಂದಾಗ ಮಾತ್ರ ನಮ್ಮವರು ಹಿಂದೆಮುಂದೆ ನೋಡಿದರು. ಗ್ಯಾಸಿನ ಕೊಳವೆ ಎಲ್ಲೆಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವರು, ಡ್ರಿಲ್ ಹಿಡಿದು ಕಾಲು ಗಂಟೆ ಕೂತರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಗಾದೆ ಮಾಡಿದವರಿಗೆ ಹೆಡ್‌ಮೇಡಂ ಫ್ರಿಜ್ ಗೊತ್ತಿರಲಿಲ್ಲ. ಕೊನೆಗೆ ಎಡಗಿವಿಯನ್ನು ಒಮ್ಮೆ ಸವರಿಕೊಂಡು ಏಳು ತೂತು ಕೊರೆದರು. ಅಲ್ಲಿಂದ ಮುಂದೆ ಹಿಂದಕ್ಕೆ ಹೋಗುವ ದಾರಿಯೇ ಇರಲಿಲ್ಲ.

ಎರಡನೆಯ ಸಲ ನೆಟ್ಟದ್ದು ಎಂಟು ತುಂಡು. ಎಂಟೂ ಚಿಗುರಿದವು. ನಮ್ಮವರು ಬೆಳಿಗ್ಗೆ ಐದೂವರೆಗೆ ಎದ್ದು ಬಾಗಿಲು ತೆರೆದು ಬಿಸಿಲಿಗೆ ಬಿಡುವರು, ಮಧ್ಯಾಹ್ನ ನಾನು ಹಳೆಯ ಬೆಡ್‌ಶೀಟು ಕಟ್ಟಿ ನೆರಳು ಮಾಡುವೆ, ಸಂಜೆ ಮತ್ತೆ ಬಾಗಿಲು ಮುಚ್ಚುವರು. ಗಿಡ ಗೇಣುದ್ದ ಆದಾಗ ಬುಡಕ್ಕೆ ಮಣ್ಣು ಏರಿಸಿದೆವು, ಅದೂ ಭಾವನವರ ಸಲಹೆ. ಮೊಣಕೈಯುದ್ದ ಆದಾಗ ಬಾಗಿಲು ಮುಚ್ಚುವುದಕ್ಕೆ ಬರದಾಯಿತು. ನಮ್ಮವರು ಬಾಗಿಲಿಗೆ ಮರದ ತುಂಡು ಕೊಟ್ಟು, ಮೇಲಿನಿಂದ ನಮ್ಮ ಹತ್ತಿಯ ರಜಾಯಿ ಹೊದಿಸಿ, ಸುತ್ತ ಸಿಕ್ಕಿಸಿದರು. ತಂಪು ಹೊರಗೆ ಹೋಗಬಾರದಲ್ಲ. ನನ್ನ ತವರಿನವರು ಕೊಟ್ಟ ರಜಾಯಿ ಅದು. ಆಲೂಗಡ್ಡೆಗಳು ಅದನ್ನು ಹೊದ್ದು ಮಲಗಿದವು, ನಾವು ಸೆಕೆಯಲ್ಲಿ ಹೊರಳಾಡಿದೆವು.

ಇದನ್ನೆಲ್ಲ ಒಬ್ಬ ನೋಡುತ್ತಿದ್ದ. ಎದುರು ಮನೆಯ ಮಹಡಿಯಲ್ಲಿ ವಿದ್ಯುತ್ ಕಂಪನಿಯ ಮೀಟರ್ ರೀಡರ್ ಇದ್ದಾನೆ, ಅಲ್ಲಿಂದ ನಮ್ಮ ಹಿತ್ತಲಿನ ಒಂದು ತುದಿ ಮಾತ್ರ ಕಾಣುತ್ತದೆ. ಊರಿನ ಎಲ್ಲ ಮನೆಯ ಮೀಟರ್ ಓದಿ ಓದಿ, ಮೀಟರಿನ ಓಟದ ಮೇಲೆ ಮನೆಯೊಳಗಿನ ಕಥೆ ಹೇಳಬಲ್ಲೆ ಎಂದು ಅವನ ನಂಬಿಕೆ. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮನೆಯಲ್ಲಿ ಜಗಳವಾಗಿ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಫ್ಯಾನ್ ಹಾಕಿಕೊಂಡಿದ್ದಾರೆ, ಎಲ್ಲ ಅವನಿಗೆ ಗೊತ್ತು. ಆ ತಿಂಗಳು ನಮ್ಮ ಮೀಟರಿನ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಅಡುಗೆಮನೆ ಕಿಟಕಿಗೆ ಬಂದ.

"ಅತ್ತಿಗೆ, ಹಿತ್ತಲಲ್ಲಿ ಏನೋ ಓಡ್ತಾ ಇದೆಯಲ್ಲ."

ಆಲೂಗಡ್ಡೆ ಅಂದರೆ ಎಲ್ಲಿ ಅಂತ ಕೇಳುತ್ತಾನೆ, ಫ್ರಿಜ್ಜಿನಲ್ಲಿ ಅಂದರೆ ಯಾರದ್ದು ಅಂತ ಕೇಳುತ್ತಾನೆ. "ಟ್ರಯಲ್ ಮಾಡ್ತಿದ್ದಾರೆ" ಎಂದಷ್ಟೇ ಹೇಳಿದೆ.

"ಎಷ್ಟಕ್ಕೆ ಇಟ್ಟಿದ್ದಾರೆ?"

"ಹದಿನೆಂಟಕ್ಕೆ."

ಅವನು ಕಣ್ಣು ಮುಚ್ಚಿಕೊಂಡ. ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿಯುತ್ತಿತ್ತು. "ಹದಿನೆಂಟು. ಹಿತವಾಗಿರುತ್ತೆ ಅಲ್ವಾ ಅತ್ತಿಗೆ?"

"ಜಾಸ್ತಿ ಆದ್ರೆ ಸೊರಗಿ ಹೋಗೋದು ನೋಡಿ."

"ಹೌದು ಹೌದು. ನಾನೇ ಸೊರಗಿದ್ದೀನಿ. ಹೊದಿಕೆ ಬೇಕೇ ಬೇಕಾ?"

"ಸಂಜೆ ಆದ್ಮೇಲೆ ಹೊದಿಸಲೇಬೇಕು. ಬೆಳಿಗ್ಗೆ ತೆಗೆದು ಒಂಚೂರು ಬಿಸಿಲು ಕಾಯಿಸಬೇಕು."

"ಬೆನ್ನಿಗೆ ಒಳ್ಳೇದೇ. ಇಬ್ಬರಿಗೆ ಜಾಗ ಆಗುತ್ತಾ?"

"ಎಂಟು ಆರಾಮಾಗಿ ಇವೆ" ಅಂದೆ.

ಅವನು ಕಿಟಕಿಯ ಸರಳು ಹಿಡಿದುಕೊಂಡ. ಬೆನ್ನಿನ ಮಾತು ಯಾಕೆ ಬಂತು ಎಂದು ನನಗೆ ಹೊಳೆಯಲಿಲ್ಲ. ಒಲೆಯ ಮೇಲೆ ಹಾಲಿತ್ತು, ಯೋಚಿಸುವುದಕ್ಕೆ ಪುರುಸೊತ್ತಿರಲಿಲ್ಲ.

ಮೂರು ದಿನ ಕಳೆದ ಮೇಲೆ ಬೀದಿ ಕೊನೆಯ ಟೈಲರ್ ನಮ್ಮವರ ವರ್ಕ್‌ಶಾಪಿಗೆ ಹೋಗಿ, ಅತ್ತಿತ್ತ ನೋಡಿ, ಕಿವಿಯಲ್ಲಿ ಕೇಳಿದನಂತೆ: "ಅಣ್ಣಾ, ನಾನು ಐದು ಅಡಿ ಒಂಬತ್ತು ಇಂಚು. ಕಾಲು ಮಡಚಬೇಕಾ, ಉದ್ದದ ಸೈಜೂ ಬರುತ್ತಾ?"

ಆಗ ಗೊತ್ತಾಯಿತು. ನಮ್ಮವರು ಬೇಸಿಗೆಗೆ ತಂಪು ಮಂಚ ಕಂಡುಹಿಡಿದಿದ್ದಾರೆ, ರಜಾಯಿ ಹೊದ್ದು ಅದರಲ್ಲಿ ಮಲಗುತ್ತಾರೆ, ಬೆಳಗಿನ ಐದೂವರೆಗೆ ಎದ್ದು ರಜಾಯಿ ಮಡಚುವುದನ್ನು ಮೀಟರ್ ರೀಡರ್ ಕಣ್ಣಾರೆ ನೋಡಿದ್ದಾನೆ ಎಂದು ಇಡೀ ಬೀದಿಗೆ ಸುದ್ದಿಯಾಗಿತ್ತು. ಎಂಟು ಜನ ಹಿಡಿಯುವ ದೊಡ್ಡ ಸೈಜೂ ಇದೆ, ಅದು ಕೂಡು ಕುಟುಂಬಕ್ಕೆ ಎಂಬುದು ಅವನು ಸೇರಿಸಿದ್ದು.

"ಅಲ್ಲ ಅಂತ ಹೇಳಿಬಿಡಿ" ಅಂದೆ.

ನಮ್ಮವರು ತುಂಬಾ ಹೊತ್ತು ಸ್ಕ್ರೂಡ್ರೈವರಿನಿಂದ ತಲೆ ಕೆರೆದುಕೊಂಡರು. "ಬೇಡ. ಮಂಚ ಅಂದ್ಕೊಂಡ್ರೆ ಫ್ರಿಜ್ ಯಾರದ್ದು ಅಂತ ಯಾರೂ ಕೇಳಲ್ಲ. ಟ್ರಯಲ್ ಅಂತಾನೇ ಇರೋಣ."

ಟ್ರಯಲ್ ಎಂದಷ್ಟೂ ಜನಕ್ಕೆ ಆಸೆ ಹೆಚ್ಚಾಯಿತು. ಆ ವರ್ಷದ ಸೆಕೆಯೂ ಹಾಗೇ ಇತ್ತು. ಮೀಟರ್ ರೀಡರ್ ತನ್ನ ಮೀಟರ್ ಪುಸ್ತಕದ ಕೊನೆಯ ಪುಟದಲ್ಲಿ ಹೆಸರು ಬರೆದುಕೊಳ್ಳತೊಡಗಿದ. ದಿನಸಿ ಅಂಗಡಿಯವರು ನನಗೆ ಸಾಲಿನಲ್ಲಿ ನಿಲ್ಲಿಸದೆ ಸಾಮಾನು ಕೊಡತೊಡಗಿದರು. ಬಸ್ಸಿನಲ್ಲಿ ಕಂಡಕ್ಟರ್ ನಮ್ಮವರಿಗೆ ಸೀಟು ಬಿಡಿಸಿಕೊಟ್ಟ. ಜೀವಮಾನದಲ್ಲಿ ಮೊದಲ ಬಾರಿ ಯಾರೋ ನಮ್ಮವರನ್ನು ಸಾರ್ ಅಂದರು. ಅವರು ಹಿಂದೆ ತಿರುಗಿ ನೋಡಿದರು, ಅಲ್ಲಿ ಯಾರೂ ಇರಲಿಲ್ಲ.

ಎಂಬತ್ತೊಂಬತ್ತನೆಯ ದಿನ ಎರಡು ಅನಾಹುತಗಳು ಒಟ್ಟಿಗೆ ಬಂದವು. ಬೆಳಿಗ್ಗೆ ನೋಡಿದರೆ ಎಲೆಗಳು ಹಳದಿಯಾಗಿ ಜೋಲು ಬಿದ್ದಿದ್ದವು. ನಮ್ಮವರು ಫ್ರಿಜ್ಜಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಸತ್ತೋದ್ವು ಕಣೇ" ಅಂದರು. ಕಾಯಿಲೆ ಮಲಗಿದವರ ಮನೆಯ ದನಿ. ನಾನು ಅಕ್ಕನಿಗೆ ಫೋನ್ ಮಾಡಿದೆ. ಮಧ್ಯಾಹ್ನದ ಊಟದವರೆಗೆ ಕಾಯಬೇಕಾಯಿತು, ಪ್ರಶ್ನೆ ಕೇಳಲು ಅದೇ ಮುಹೂರ್ತ. ಆ ಹೊತ್ತಿನವರೆಗೆ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಒಂದೂವರೆಗೆ ಫೋನ್ ಬಂತು. "ಎಲೆ ಹಣ್ಣಾದ್ರೆ ಗಡ್ಡೆ ಬಲಿತಿದೆ ಅಂತ ಅರ್ಥವಂತೆ. ನೀರು ನಿಲ್ಲಿಸಿ, ಹತ್ತು ದಿನ ಬಿಟ್ಟು ಕೀಳಬೇಕಂತೆ. ಇಷ್ಟು ಹೇಳಿ ಇವರು, 'ನಿನ್ನ ತಂಗಿ ಗಂಡನಿಗೆ ಇಷ್ಟೆಲ್ಲ ಎಲ್ಲಿ ಗೊತ್ತಾಗಬೇಕು' ಅಂತ ನಕ್ರು ಕಣೇ. ನನಗೆ ಅನ್ನ ನೆತ್ತಿಗೆ ಹತ್ತಿತು."

ಸಂಜೆ ಬಂದದ್ದು ಎರಡನೆಯ ಅನಾಹುತ. ಮಗಳಿಗೂ ಅಳಿಯನಿಗೂ ಒಂದು ಶಿಸ್ತಿಗೆ ಬರಲು ಆರು ತಿಂಗಳು ಬೇಕಾಗಲಿಲ್ಲವೋ, ಅಥವಾ ಅವರೇ ಕೈಮುಗಿದು ಕಳಿಸಿಕೊಟ್ಟರೋ, ಹೆಡ್‌ಮೇಡಂ ಮೂರು ತಿಂಗಳಿಗೇ ವಾಪಸ್ ಬಂದಿದ್ದರು. ನೇರ ವರ್ಕ್‌ಶಾಪಿಗೆ ಹೋದರು.

"ನನ್ನ ಫ್ರಿಜ್ ಎಲ್ಲಿ?"

ನಮ್ಮವರು ಎದ್ದು ನಿಂತರಂತೆ. ಕೈ ಕಟ್ಟಿಕೊಂಡರಂತೆ. "ಅಬ್ಸರ್ವೇಷನ್‌ನಲ್ಲಿದೆ ಮೇಡಂ."

"ಎಲ್ಲಿ?"

"ಮನೇಲಿ. ರಾತ್ರಿನೂ ನೋಡ್ಕೋಬೇಕಲ್ಲ ಮೇಡಂ."

"ಎಷ್ಟು ದಿನ?"

"ಇನ್ನು ಹನ್ನೊಂದು."

ಹನ್ನೊಂದು ಎಂದು ಅಷ್ಟು ಖಚಿತವಾಗಿ ಹೇಳಬಾರದಿತ್ತು. ಮೇಡಂ ಕನ್ನಡಕದ ಮೇಲಿನಿಂದ ನೋಡಿ, "ಹನ್ನೆರಡನೇ ದಿನ ಬೆಳಿಗ್ಗೆ ಎಂಟಕ್ಕೆ ನನ್ನ ಮನೆಯಲ್ಲಿರಬೇಕು" ಎಂದು ಹೊರಟುಹೋದರು. ನಮ್ಮವರು ಆ ಹನ್ನೊಂದು ದಿನ ಎಡಮಗ್ಗುಲಿಗೆ ಮಲಗಲಿಲ್ಲ, ಕಿವಿ ನೋಯುತ್ತದೆ ಎಂದು.

ನೂರನೆಯ ದಿನ ಭಾನುವಾರ. ಒಂಬತ್ತು ಗಂಟೆಗೆ ಅಪ್ಪ, ಅಕ್ಕ, ಭಾವ ಬಂದರು. ಭಾವ ಜೇಬಿನಲ್ಲಿ ಭೂತಗನ್ನಡಿ ತಂದಿದ್ದರು. ಗಡ್ಡೆ ಕಾಣಬೇಕಲ್ಲ, ಅದಕ್ಕಂತೆ. ಅಕ್ಕ ಹೊಸ ಬಟ್ಟೆ ಉಟ್ಟಿದ್ದಳು. ಎಲ್ಲರಿಗೂ ಕಾಫಿ ಕೊಟ್ಟು ಹಿತ್ತಲಿಗೆ ಹೋಗೋಣ ಎನ್ನುವಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಮೀಟರ್ ರೀಡರ್ ನಿಂತಿದ್ದ, ಕಂಕುಳಲ್ಲಿ ದಿಂಬು. ಅವನ ಹಿಂದೆ ಟೈಲರ್, ಅವನ ದಿಂಬು ಉದ್ದದ್ದು. ದಿನಸಿ ಅಂಗಡಿಯವರು ಹೆಂಡತಿ ಸಮೇತ, ಒಂದೊಂದು ದಿಂಬು. ಗೇಟಿನವರೆಗೂ ಸಾಲು ಇತ್ತು, ಎಲ್ಲರ ಕೈಯಲ್ಲೂ ದಿಂಬು.

"ನೆಂಟರೆಲ್ಲ ಬಂದ್ರಲ್ಲ, ಇವತ್ತೇ ಉದ್ಘಾಟನೆ ಅಂತ ಗೊತ್ತಾಯ್ತು ಅತ್ತಿಗೆ" ಅಂದ ಮೀಟರ್ ರೀಡರ್. "ನಮಗೂ ಒಂದು ಮಾತು ಹೇಳಬಹುದಿತ್ತು. ಇರಲಿ. ಮೊದಲು ವಯಸ್ಸಾದವರು ಮಲಗಿ ನೋಡಲಿ." ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಹಿಂದಿನಿಂದ ಹೆಡ್‌ಮೇಡಂ ಬಂದರು. ಅವರ ದಿಂಬಿನ ಕವರಿನ ಮೇಲೂ ಕೆಂಪು ದಾರದಲ್ಲಿ ಅವರದೇ ಗುಂಡಕ್ಷರ.

"ಮೊಣಕಾಲು ಉರಿ" ಅಂದರು ನಮ್ಮವರನ್ನು ನೋಡಿ. "ನೀನು ತಂಪು ಮಂಚ ಮಾಡಿದ್ದೀಯ ಎಂದು ಈತ ಹೇಳಿದ. ನನಗೆ ನಂಬಿಕೆಯಾಗಲಿಲ್ಲ. ಉಷ್ಣದ ಪಾಠದಲ್ಲಿ ನಿನಗೆ ಬಂದದ್ದು ನೂರಕ್ಕೆ ಹನ್ನೊಂದು."

ನಮ್ಮವರ ಬಾಯಿ ತೆರೆದೇ ಇತ್ತು. ಅದರಿಂದ ಏನೂ ಹೊರಗೆ ಬರದೇ ಇದ್ದದ್ದು ಅವತ್ತೊಂದೇ ದಿನ. ನಾನೇ ಮುಂದೆ ಹೋಗಿ ಹಿತ್ತಲ ಬಾಗಿಲು ತೆರೆದೆ. ಬೆಂಕಿ ಬೀಳುವುದಾದರೆ ಎಲ್ಲರೆದುರಿಗೇ ಬೀಳಲಿ ಅನ್ನಿಸಿತು.

ಇಪ್ಪತ್ತು ದಿಂಬು, ಒಬ್ಬ ನಿವೃತ್ತ ಅಧಿಕಾರಿ, ಒಂದು ಭೂತಗನ್ನಡಿ, ಎಲ್ಲ ಫ್ರಿಜ್ಜಿನ ಸುತ್ತ ನಿಂತವು. ನಮ್ಮವರು ರಜಾಯಿ ಎಳೆದರು. ಬಾಗಿಲು ಎತ್ತಿದರು. ಒಳಗೆ ಒಣಗಿದ ಹಳದಿ ಎಲೆ, ಕಪ್ಪು ಮಣ್ಣು.

ಎಲ್ಲರೂ ಬಗ್ಗಿ ನೋಡಿದರು. ಕೊನೆಗೆ ಟೈಲರ್, "ಇದರಲ್ಲಿ ತಲೆ ಯಾವ ಕಡೆ?" ಎಂದು ಕೇಳಿದ.

ಹೆಡ್‌ಮೇಡಂ ದಿಂಬನ್ನು ಮೀಟರ್ ರೀಡರನ ಕೈಗೆ ಕೊಟ್ಟು, ಬಗ್ಗಿ, ಒಳಗೋಡೆ ಓದಿದರು. "ತರಕಾರಿ. ತೊಳೆದು ಇಡತಕ್ಕದ್ದು." ಓದಿ ಮುಗಿಸಿ ನಮ್ಮವರ ಕಡೆ ತಿರುಗಿದರು. ನಮ್ಮವರ ಎಡಗೈ ಆಗಲೇ ಕಿವಿಯ ಮೇಲಿತ್ತು.

"ಇದು ನನ್ನ ಫ್ರಿಜ್."

"ಹೌದು ಮೇಡಂ."

"ಇದರಲ್ಲಿ ಮಣ್ಣಿದೆ."

"ತರಕಾರಿಯೂ ಇದೆ ಮೇಡಂ. ಇರಬಹುದು ಮೇಡಂ. ಆಲೂಗಡ್ಡೆ."

ಭಾವ ಆಗ ಮುಂದೆ ಬಂದರು. ಫ್ರಿಜ್ ನೋಡಿ ಅವರೂ ಒಂದು ಹೆಜ್ಜೆ ಹಿಂದೆ ಸರಿದಿದ್ದರು, ಆದರೆ ಅಧಿಕಾರ ಬಿಡುತ್ತದೆಯೇ. "ಇರಲ್ಲ. ನಾನು ಹೇಳ್ತೀನಿ, ಇರಲ್ಲ. ಬೇಸಿಗೆಯಲ್ಲಿ ಎಲೆ ಬರುತ್ತೆ, ಗಡ್ಡೆ ಬರಲ್ಲ. ಮೂವತ್ತು ವರ್ಷ ಇಲಾಖೆಯಲ್ಲಿ ಇದ್ದವನು ನಾನು."

ಮೇಡಂ ಇಬ್ಬರನ್ನೂ ನೋಡಿದರು. ಪ್ರಶ್ನೆಯೊಂದು ಎದ್ದ ಮೇಲೆ ಉತ್ತರ ಕಾಣದೆ ಅಲುಗುವ ಜಾತಿಯಲ್ಲ ಅವರು. "ಊಹೆ ಬೇಡ. ಪ್ರಯೋಗ ಮಾಡಿ ತೋರಿಸು. ಶಿಕ್ಷೆ ಆಮೇಲೆ."

ನಮ್ಮವರು ಮೊದಲ ಗಿಡ ಕಿತ್ತರು. ಬೇರಿನ ತುದಿಯಲ್ಲಿ ಒಂದೇ ಒಂದು, ಗೋಲಿಯಷ್ಟು. ಭಾವ ಭೂತಗನ್ನಡಿ ತೆಗೆದು ನೋಡಿದರು. ಬೀದಿಯವರು ನಕ್ಕರು. ಎರಡನೆಯದರಲ್ಲಿ ಅದೂ ಇರಲಿಲ್ಲ. ಅಕ್ಕ ನನ್ನ ಮೊಣಕೈ ಹಿಡಿದಿದ್ದಳು, ಅವಳ ಉಗುರು ಚರ್ಮಕ್ಕೆ ಇಳಿಯುತ್ತಿತ್ತು. ನಮ್ಮವರ ಮುಖ ನೋಡಲು ನನ್ನಿಂದ ಆಗಲಿಲ್ಲ. ನೂರು ದಿನ ಬೆಳಿಗ್ಗೆ ಐದೂವರೆಗೆ ಎದ್ದ ಮನುಷ್ಯ.

"ಹಾಗೆ ಎಳೀಬೇಡಪ್ಪಾ" ಅಂದರು ನಮ್ಮಪ್ಪ.

ಫ್ರಿಜ್ಜಿನ ಪಕ್ಕ ಮಂಡಿಯೂರಿ ಕೂತು, ಅಂಗಿಯ ತೋಳು ಮಡಚಿದರು. "ಬುಡಕ್ಕೆ ಇಷ್ಟು ಮಣ್ಣು ಏರಿಸಿದ್ದೀರಿ. ಎಳೆದ್ರೆ ಗಡ್ಡೆ ಕಿತ್ತು ಮಣ್ಣಲ್ಲೇ ಉಳಿದುಬಿಡುತ್ತೆ. ಆ ಅಜ್ಜಿ ಕೈ ಹಾಕಿ ತಡಕೋಳು." ಮೊಣಕೈವರೆಗೂ ಕೈ ಇಳಿಸಿದರು. ತಡಕಿದರು. ಅವರ ಮುಖದಲ್ಲಿ ಏನೋ ಆಗುತ್ತಿತ್ತು, ಎಪ್ಪತ್ತೈದು ವರ್ಷದ ಮುಖ ಕಳೆದು ಬೇರೆಯದೇನೋ ಬರುತ್ತಿತ್ತು. ಕೈ ಹೊರಗೆ ಬಂದಾಗ ಮುಷ್ಟಿ ಗಾತ್ರದ ಆಲೂಗಡ್ಡೆ ಇತ್ತು. ಸಿಪ್ಪೆ ಎಷ್ಟು ತೆಳುವೆಂದರೆ ಬೆರಳು ತಾಗಿದಲ್ಲಿ ಸುಲಿದು ಬೆಳ್ಳಗೆ ಕಾಣುತ್ತಿತ್ತು.

"ಒಂದು" ಅಂದರು ಹೆಡ್‌ಮೇಡಂ.

ಅಪ್ಪ ಮತ್ತೆ ಕೈ ಹಾಕಿದರು. "ಎರಡು. ಮೂರು." ನಮ್ಮವರೂ ಕೈ ಹಾಕಿದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಅವತ್ತು ನಮ್ಮವರು ಕಿವಿಯವರೆಗೂ ಕೆಸರಾದರು. ಕಿತ್ತು ಪಕ್ಕಕ್ಕೆಸೆದಿದ್ದ ಎರಡು ಗಿಡಗಳ ಜಾಗದಲ್ಲೇ ಒಂಬತ್ತು ಸಿಕ್ಕವು. ಇಡಲು ಬುಟ್ಟಿ ಸಾಲದೆ ಟೈಲರ್ ತನ್ನ ದಿಂಬಿನ ಕವರು ಬಿಚ್ಚಿಕೊಟ್ಟ. ಮೇಡಂ ಎಣಿಸುತ್ತಿದ್ದರೆ ಇಪ್ಪತ್ತರ ಮೇಲೆ ಬೀದಿಯವರೆಲ್ಲ ದನಿಗೂಡಿಸಿದರು. ಮಗ್ಗಿ ಹೇಳುವ ತರಗತಿಯ ಹಾಗೆ ಇಡೀ ಹಿತ್ತಲು "ನಲವತ್ತೈದು, ನಲವತ್ತಾರು, ನಲವತ್ತೇಳು" ಎಂದಿತು. ಅಲ್ಲಿಗೆ ಮಣ್ಣು ಖಾಲಿಯಾಗಿ ತಳದ ಏಳು ತೂತು ಕಂಡವು.

ಮೇಡಂ ತೂತನ್ನೂ ಎಣಿಸಿದರು. "ಇದು ಯಾಕೆ?"

"ನೀರು ನಿಂತ್ರೆ ಕೊಳೆಯುತ್ತೆ ಮೇಡಂ."

"ಯಾರು ಹೇಳಿದ್ದು?"

ನಮ್ಮವರು ಸುಳ್ಳು ಹೇಳಲಿಲ್ಲ. "ಅಣ್ಣನೇ. ತೂತು, ಬೂದಿ, ಮಣ್ಣು ಏರಿಸೋದು, ನೀರು ನಿಲ್ಲಿಸೋದು, ಎಲ್ಲ ಅವರೇ ಹೇಳಿದ್ದು. ಅವರಿಗೆ ಗೊತ್ತಿರಲಿಲ್ಲ, ಅಷ್ಟೇ."

ಭಾವ ತಿರುಗಿ ಅಕ್ಕನನ್ನು ನೋಡಿದರು. ಅಕ್ಕ ಮೋಡ ನೋಡಿದಳು.

ಆಮೇಲೆ ನಡೆದದ್ದು ಬೇಗ ಬೇಗ ನಡೆಯಿತು. ಮೇಡಂ ತೀರ್ಪು ಕೊಟ್ಟರು: ತೂತಿನ ಫ್ರಿಜ್ ನಮಗೆ, ನಮ್ಮ ಮನೆಯ ಫ್ರಿಜ್ ಅವರಿಗೆ, ಉಷ್ಣದ ಪಾಠದಲ್ಲಿ ನಮ್ಮವರಿಗೆ ಹನ್ನೊಂದರ ಬದಲು ನೂರಕ್ಕೆ ತೊಂಬತ್ತು. ಫ್ರಿಜ್ ಕೇಳದೆ ತೆಗೆದುಕೊಂಡಿದ್ದಕ್ಕೆ ಹತ್ತು ಅಂಕ ಕಡಿತ. ಮೇಡಂ ತೊಂಬತ್ತು ಎಂದಾಗ ನಮ್ಮವರು ಅತ್ತುಬಿಟ್ಟರು. ನನ್ನ ಫ್ರಿಜ್ ಹೋಯಿತಲ್ಲ ಎಂದು ನಾನು ಅಳಬೇಕಿತ್ತು, ನಗು ಬಂತು. ಮೀಟರ್ ರೀಡರ್ ಮಾತ್ರ ಪುಸ್ತಕದ ಕೊನೆಯ ಪುಟ ನೋಡುತ್ತಾ, ಇಪ್ಪತ್ಮೂರು ಹೆಸರಿನ ಮುಂದೆ ಮಂಚ ಎಂಬುದನ್ನು ಹೊಡೆದುಹಾಕಿ ಆಲೂಗಡ್ಡೆ ಎಂದು ತಿದ್ದುತ್ತಿದ್ದ.

ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ಬೇಯಿಸಿದೆ. ಮೊದಲನೆಯದನ್ನು ಅಪ್ಪನ ತಟ್ಟೆಗೆ ನಮ್ಮವರೇ ಹಾಕಿದರು. ಅಪ್ಪ ಉಪ್ಪು ಹಾಕಿಕೊಂಡು, ಎರಡು ಭಾಗ ಮಾಡಿ, ಊದಿ, ಬಾಯಿಗಿಟ್ಟು ಕಣ್ಣು ಮುಚ್ಚಿದರು. ಇಪ್ಪತ್ತು ಜನ ಅವರ ದವಡೆಯನ್ನೇ ನೋಡುತ್ತಿದ್ದರು.

"ಅದೇ" ಅಂದರು. ಇನ್ನೊಂದು ಮಾತಿಲ್ಲದೆ ಉಳಿದರ್ಧ ತಿಂದರು.

ಈಗ ಎಲ್ಲರೂ ಭಾವನವರ ಕಡೆ ತಿರುಗಿದರು. ಭಾವ ಗಂಟಲು ಸರಿಮಾಡಿಕೊಂಡರು. "ನಿಯಂತ್ರಿತ ವಾತಾವರಣದಲ್ಲಿ ಕೆಲವು ಅಪವಾದಗಳು ಕಂಡುಬರಬಹುದು ಎಂಬುದನ್ನು ಇಲಾಖೆ ಎಂದೂ ಅಲ್ಲಗಳೆದಿಲ್ಲ."

"ಕೊಟ್ಟ ಮಾತು ಅದಲ್ಲ ಅಂತ ಕೇಳಿದ್ದೇನೆ" ಅಂದರು ಹೆಡ್‌ಮೇಡಂ. "ಎದ್ದು ನಿಂತು ಹೇಳಿ. ಕೊನೆಯ ಸಾಲಿಗೂ ಕೇಳಬೇಕು."

ಅರವತ್ತೆರಡು ವರ್ಷದ ನಮ್ಮ ಭಾವ ಎದ್ದು ನಿಂತರು. "ತಪ್ಪಾಯ್ತು" ಅಂದರು. ಗೋಡೆಯ ಕಡೆ ನೋಡಿ ಅಂದರು, ಆದರೂ ಅಂದರು. ಬೀದಿಯವರು ದಿಂಬು ತಟ್ಟಿ ಸಂಭ್ರಮಿಸಿದರು, ಹತ್ತಿ ಹಾರಿತು.

ಅಕ್ಕ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. "ನನಗೆ ಕೇಳಿಸಲಿಲ್ಲ" ಅಂದಳು. ಸುಳ್ಳು, ಅವಳು ನನ್ನ ಪಕ್ಕದಲ್ಲೇ ಇದ್ದಳು.

ಗದ್ದಲ ನಿಂತಿತು. ಭಾವ ಅವಳನ್ನು ನೋಡಿದರು. ಬಹಳ ದಿನಗಳ ಮೇಲೆ ಸರಿಯಾಗಿ ನೋಡಿದ ಹಾಗಿತ್ತು. ಹೊಸ ಬಟ್ಟೆ ಅವರಿಗೆ ಆಗ ಕಂಡಿತೋ ಏನೋ. ಬಾಗಿಲವರೆಗೆ ನಡೆದುಹೋದರು. ಈ ಸಲ ಜೋರಾಗಿ ಹೇಳಲಿಲ್ಲ, ಯಾರೂ ಜೋರಾಗಿ ಹೇಳಿ ಅನ್ನಲೂ ಇಲ್ಲ.

"ತಪ್ಪಾಯ್ತು ಕಣೇ" ಅಂದರು. ಆಲೂಗಡ್ಡೆಯ ವಿಷಯಕ್ಕೆ ಅಂದದ್ದಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು.

ಅಕ್ಕ ಸೌಟನ್ನು ಆ ಕೈಯಿಂದ ಈ ಕೈಗೆ ಬದಲಿಸಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಆಯ್ತು ಬಿಡಿ" ಅಂದಳು. "ಕೈ ತೊಳ್ಕೊಂಡು ಬನ್ನಿ, ಆರಿಹೋಗುತ್ತೆ."